ಬೀಗ ಬಿದ್ದ ಬೊಂಬೆ ಪುಸ್ತಕಗಳು

ನಾನು ಮೈಸೂರಿನಲ್ಲಿ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಪರೀಕ್ಷೆ ಬರೆಯುತ್ತಿದ್ದಾಗ ಚಿಕ್ಕಪ್ಪ ಊರಿಗೆ ಬಂದು ನನ್ನ ಪುಸ್ತಕಗಳನ್ನೆಲ್ಲ ವ್ಯಾನಿಗೆ ತುಂಬಿಕೊಂಡು ಹೋಗಿ ದಾನ ಮಾಡಿಬಿಟ್ಟರು. ಕದ್ದರು ಎಂದರೆ ಮನೆಯವರಿಗೆ ಈಗಲೂ ನೋವಾಗುತ್ತದೆ. ನೋವಾದರೆ ಆಗಲಿ. ಕದ್ದರು.

ಅವು ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುವ ಪುಸ್ತಕಗಳಾಗಿರಲಿಲ್ಲ. ವಾರಪತ್ರಿಕೆಗಳಲ್ಲಿ, ಮಕ್ಕಳ ಮಾಸಪತ್ರಿಕೆಗಳಲ್ಲಿ, ಭಾನುವಾರದ ಪುರವಣಿಯಲ್ಲಿ ತುಂಡುತುಂಡಾಗಿ ಬರುತ್ತಿದ್ದ ಚಿತ್ರಕಥೆಗಳನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ, ಹೊಲಿದು, ರಟ್ಟು ಹಾಕಿ ನಾನೇ ಮಾಡಿದ ಸಂಪುಟಗಳು. ಆರನೇ ಕ್ಲಾಸಿನಿಂದ ಶುರು ಮಾಡಿದವಳು ಪಿಯುಸಿ ಮುಗಿಯುವ ಹೊತ್ತಿಗೆ ಒಂದು ಟ್ರಂಕು ತುಂಬಿಸಿದ್ದೆ.

ನಮ್ಮ ಊರು ಕೆ.ಆರ್. ನಗರದ ಹತ್ತಿರದ ಮಿರ್ಲೆ. ನಾಲೆ ನೀರಿನ ಭತ್ತದ ಗದ್ದೆ, ಒಂದಿಷ್ಟು ಕಬ್ಬು, ಎರಡು ಜೊತೆ ಎತ್ತು. ಮನೆಯಲ್ಲಿ ಅಚ್ಚಾದದ್ದು ಎಂದರೆ ಪಂಚಾಂಗ, ಗೊಬ್ಬರದ ಚೀಲ ಮತ್ತು ನನ್ನ ಪಠ್ಯಪುಸ್ತಕ. ವಾರಪತ್ರಿಕೆ ಬರುತ್ತಿದ್ದದ್ದು ಕ್ಷೌರದ ಅಂಗಡಿಗೆ. ಅಲ್ಲಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಅಪ್ಪ ಕ್ಷೌರಕ್ಕೆ ಹೋದಾಗ ಹಳೆಯ ಸಂಚಿಕೆಗಳನ್ನು ಕೇಳಿ ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದ. ನಾಲ್ಕನೇ ಕ್ಲಾಸು ಓದಿದ್ದ ಅಪ್ಪನಿಗೆ ಅಕ್ಷರಕ್ಕಿಂತ ಚಿತ್ರದ ಮೇಲೆ ಹೆಚ್ಚು ಆಸೆ. ಜಗಲಿಯಲ್ಲಿ ಕೂತು ತಾನು ಮೊದಲು ನೋಡಿ, ಆಮೇಲೆ ನನಗೆ ಕೊಡುತ್ತಿದ್ದ. ಗಡ್ಡ ಬೋಳಿಸುವಾಗ ನೊರೆ ಒರೆಸಲು ಪತ್ರಿಕೆಯ ಹಾಳೆಯನ್ನೇ ಹರಿಯುವುದು ಆ ಅಂಗಡಿಯ ರೂಢಿ. ಹಾಗಾಗಿ ಎಷ್ಟೋ ಸಲ ಕಥೆಯ ಅರ್ಧ ಹಾಳೆ ಯಾರದೋ ಗಡ್ಡದ ಜೊತೆ ತಿಪ್ಪೆ ಸೇರಿರುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಬ್ಬ ದೋಣಿಯವಳ ಕಥೆ. ವಾರಕ್ಕೆ ಎರಡು ಪುಟ. ಅಳಿವೆಯ ಹತ್ತಿರದ ಒಂದು ಊರಿನಲ್ಲಿ ಜನರನ್ನು ಆಚೆ ದಡಕ್ಕೆ ದಾಟಿಸುವ ಹೆಂಗಸು. ಗಂಡ ಇಲ್ಲ, ಮಕ್ಕಳಿಲ್ಲ, ಮಾತು ಕಡಿಮೆ. ಕಳ್ಳಸಾಗಣೆಯವರು ಅವಳ ದೋಣಿ ಹತ್ತುತ್ತಾರೆ, ಅಲ್ಲಿಂದ ಕಥೆ. ಕೆಲವು ಚೌಕಗಳಲ್ಲಿ ಒಂದು ಮಾತೂ ಇರುತ್ತಿರಲಿಲ್ಲ. ಬರೀ ನೀರು, ಒಂದು ಹುಟ್ಟು, ಆಮೇಲಿನ ಚೌಕದಲ್ಲಿ ಖಾಲಿ ದೋಣಿ. ಆ ಎರಡು ಚೌಕಗಳ ನಡುವಿನ ಬಿಳಿ ಸಂದಿಯಲ್ಲಿ ಏನಾಯಿತು ಎಂದು ನಾನು ಇಡೀ ವಾರ ಯೋಚಿಸುತ್ತಿದ್ದೆ. ಭತ್ತ ನಾಟಿ ಮಾಡುವಾಗಲೂ ಅದೇ, ಸಗಣಿ ಬಾಚುವಾಗಲೂ ಅದೇ.

ಬಿಡಿ ಹಾಳೆ ಓದುವುದಕ್ಕೂ ಒಟ್ಟಾಗಿ ಹೊಲಿದ ಸಂಪುಟ ಓದುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಮೊದಲ ಸಂಪುಟ ಮುಗಿಸಿದ ದಿನ ಗೊತ್ತಾಯಿತು. ಬಿಡಿಯಾಗಿ ನೋಡುವಾಗ ಕಾಣದ್ದೆಲ್ಲ ಅಲ್ಲಿ ಕಂಡಿತು. ನಡುವೆ ಚಿತ್ರಕಾರರು ಬದಲಾಗಿದ್ದರು. ದೋಣಿಯವಳ ಮೂಗು ಒಂದು ವಾರ ಇದ್ದಕ್ಕಿದ್ದಂತೆ ನೇರವಾಗಿ, ಸೊಂಟ ಸಣ್ಣಗಾಗಿತ್ತು. ಹಳಬರು ಅವಳ ಮೊಳಕೈಯ ಮೂಳೆ ಕಾಣುವಂತೆ ಬರೆಯುತ್ತಿದ್ದರು, ಹೊಸಬರಿಗೆ ಬಳೆ ಬರೆಯುವುದರಲ್ಲೇ ಆಸೆ. ಕೆಂಪು ಬಣ್ಣ ತುಟಿಯಿಂದ ಜಾರಿ ಕೆನ್ನೆಗೆ ಹೋಗಿರುವ ಪುಟಗಳೂ ಇದ್ದವು. ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಊರಿನಲ್ಲಿ ಅಪ್ಪನನ್ನು ಬಿಟ್ಟು ಒಬ್ಬರೂ ಇರಲಿಲ್ಲ.

ಹೊಲಿಯುವುದನ್ನು ಕಲಿಸಿದ್ದೂ ಅಪ್ಪನೇ. ಭತ್ತದ ಮೂಟೆಯ ಬಾಯಿ ಹೊಲಿಯುವ ದಬ್ಬಳವನ್ನೇ ಕೊಟ್ಟು, ಹುರಿಯನ್ನು ಬಿಚ್ಚಿ ಸಣ್ಣ ಎಳೆ ಮಾಡಿಕೊಟ್ಟ. ಮೈದಾ ಅಂಟು ಕಾಯಿಸುವಾಗ ಅದಕ್ಕೆ ಚೂರು ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ ಎಂದ. ರಟ್ಟಿಗೆ ಸೀರೆ ಅಂಗಡಿಯ ಡಬ್ಬ. ಮೇಲೆ ಹೊದಿಸಲು ನನ್ನ ಹಳೆಯ ಸ್ಕೂಲು ಲಂಗದ ನೀಲಿ ಬಟ್ಟೆ.

ದೋಣಿಯವಳ ಕಥೆಯಲ್ಲಿ ಒಂದು ಕಂತು ಮಾತ್ರ ಸಿಗಲೇ ಇಲ್ಲ. ಅದು ನೊರೆ ಒರೆಸಲು ಹೋಗಿತ್ತು. ಸಾಲಿಗ್ರಾಮದ ಅಕ್ಕಿ ಗಿರಣಿಯ ಆಫೀಸಿನಲ್ಲಿ ಅಪ್ಪನಿಂದ ಕೇಳಿಸಿದೆ, ಕೆ.ಆರ್. ನಗರದ ಡಾಕ್ಟರ ಷಾಪಿನ ಬೆಂಚಿನ ಕೆಳಗೆ ಹುಡುಕಿದೆ, ಇಲ್ಲ. ಕೊನೆಗೆ ಕೆ.ಆರ್. ನಗರದಿಂದ ಬರುತ್ತಿದ್ದ ಸಹಪಾಠಿಯೊಬ್ಬಳು ಅದನ್ನು ಓದಿದ್ದಾಗಿ ಹೇಳಿದಳು. ಅವಳ ಬಾಯಿಂದ ಕಥೆ ಕೇಳಿಕೊಂಡು ಆ ಎರಡು ಪುಟವನ್ನು ನಾನೇ ಬರೆದೆ. ಡ್ರಾಯಿಂಗ್ ಹಾಳೆ, ಕಪ್ಪು ಇಂಕು, ಕೋಳಿಗರಿಯಷ್ಟು ಸಣ್ಣ ಬ್ರಷ್ಷು. ಕೈಬೆರಳು ಬರೆಯಲು ನನಗೆ ಬರುತ್ತಿರಲಿಲ್ಲ. ಅದಕ್ಕೆ ಆ ಎರಡು ಪುಟದುದ್ದಕ್ಕೂ ದೋಣಿಯವಳ ಕೈ ಒಂದೋ ನೀರಿನೊಳಗೆ, ಇಲ್ಲವೋ ಸೆರಗಿನೊಳಗೆ. ಅಪ್ಪ ನೋಡಿ, "ಇವ್ಳಿಗೇನ್ ಚಳಿಯಾ ಮಗ?" ಎಂದು ಕೇಳಿದ್ದ. ಮೊಳಕೈಯ ಮೂಳೆಯನ್ನು ಮಾತ್ರ ಹಳೆಯ ಚಿತ್ರಕಾರರ ಹಾಗೆಯೇ ಬರೆದಿದ್ದೆ. ಅದರ ಬಗ್ಗೆ ನನಗೆ ತುಂಬ ಹೆಮ್ಮೆ ಇತ್ತು.

ಇನ್ನು ಚಿಕ್ಕಪ್ಪ. ಅಪ್ಪನ ಒಬ್ಬನೇ ತಮ್ಮ, ಹುಣಸೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಅಪ್ಪ ಓದು ಬಿಟ್ಟು ನೇಗಿಲು ಹಿಡಿದದ್ದು ತಮ್ಮ ಓದಲಿ ಎಂದು. ಹಾಗಾಗಿ ಚಿಕ್ಕಪ್ಪ ಊರಿಗೆ ಬಂದರೆ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಅಣ್ಣನೇ ತಮ್ಮನಿಗೆ 'ಬನ್ನಿ ಮೇಷ್ಟ್ರೇ' ಎನ್ನುತ್ತಿದ್ದ. ಅವರು ಜಗಲಿಯ ಕುರ್ಚಿಯಲ್ಲಿ ಕೂರುತ್ತಿದ್ದರು, ಅಪ್ಪ ಕೆಳಗೆ. ನನ್ನ ಕೈಯಲ್ಲಿ ಚಿತ್ರಕಥೆ ಕಂಡರೆ ಸಾಕು, ಎರಡು ಬೆರಳಿನಲ್ಲಿ ಅದನ್ನು ಎತ್ತಿ ಪಕ್ಕಕ್ಕಿಡುತ್ತಿದ್ದರು, ಸತ್ತ ಜಿರಲೆ ಎತ್ತುವಂತೆ.

"ಬೊಂಬೆ ಪುಸ್ತಕ ನೋಡೋ ವಯಸ್ಸಾ ಇದು? ಇದನ್ನ ಓದಿದ್ರೆ ಬುದ್ಧಿ ಬೆಳೆಯಲ್ಲ ಕಣಮ್ಮ, ಅಲ್ಲೇ ನಿಂತೋಗುತ್ತೆ."

ಅವ್ವ ಬಾಗಿಲ ಹಿಂದಿನಿಂದ ಹೌದು ಹೌದು ಎನ್ನುತ್ತಿದ್ದಳು. ಅಪ್ಪ ನೆಲ ನೋಡುತ್ತಿದ್ದ. ಬೆಳಿಗ್ಗೆ ತಾನೇ ಆ ಪುಟವನ್ನು ನನ್ನ ಜೊತೆ ನೋಡಿ ನಕ್ಕವನು.

ಇಂಥ ಚಿಕ್ಕಪ್ಪ ಹುಣಸೂರಿನಲ್ಲಿ ಗೆಳೆಯರ ಜೊತೆ ಸೇರಿ ಒಂದು ಸಂಘ ಕಟ್ಟಿದರು. ಸಂಘದಿಂದ ಮಕ್ಕಳಿಗಾಗಿ ಒಂದು ಓದುವ ಮನೆ ತೆರೆಯುವುದು ಎಂದಾಯಿತು. ಉದ್ಘಾಟನೆಗೆ ದೊಡ್ಡ ಮನುಷ್ಯರೊಬ್ಬರು ಬರುವವರಿದ್ದರು. ಕಟ್ಟಡ ಆಯಿತು, ಗಾಜಿನ ಬೀರು ಬಂತು, ಒಳಗೆ ಇಡಲು ಮಕ್ಕಳ ಪುಸ್ತಕಗಳಿಲ್ಲ. ಆಗ ಅವರಿಗೆ ಅಣ್ಣನ ಮನೆಯ ಟ್ರಂಕು ನೆನಪಾಗಿದೆ.

ಪರೀಕ್ಷೆ ಮುಗಿಸಿ ರೈಲಿನಲ್ಲಿ ಕೆ.ಆರ್. ನಗರಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಮನೆ ಸೇರಿದಾಗ ಮಧ್ಯಾಹ್ನ. ಕೈಕಾಲು ತೊಳೆದು ಟ್ರಂಕು ತೆಗೆದೆ. ಒಳಗೆ ಕಂಬಳಿ, ಹಾಸಿಗೆಯ ಹೊದಿಕೆ, ನುಸಿಗುಳಿಗೆ.

"ಅವ್ವ, ಪುಸ್ತಕ ಎಲ್ಲಿ?"

ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ನಿಮ್ ಚಿಕ್ಕಪ್ಪ ಬಂದಿದ್ರು ಕಣವ್ವ. ಉಣ್ಸೂರಲ್ಲಿ ಮಕ್ಕಳಿಗೆ ಓದೋ ಮನೆ ಮಾಡವ್ರಂತೆ. ಪುಸ್ತಕ ಬೇಕು ಅಂದ್ರು. ತಕ್ಕೊಂಡೋದ್ರು."

"ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ನಿನ್ನೇನ್ ಕೇಳೋದು? ನಾಳೆ ಮದ್ವೆಯಾಗಿ ಓಗೋಳು, ಆ ಬೊಂಬೆ ಪುಸ್ತಕನೆಲ್ಲ ಗಂಡನ ಮನೆಗೆ ಒತ್ಕೊಂಡೋದೀಯಾ? ನಾಕ್ ಮಕ್ಳು ಓದ್ಕೊಳ್ಳಿ, ಪುಣ್ಯ ಬರ್ತದೆ."

ಹತ್ತು ವರ್ಷ 'ಬುದ್ಧಿ ನಿಂತುಹೋಗುತ್ತದೆ' ಎಂದ ಬಾಯಿಯೇ ಈಗ ಅದೇ ಪುಸ್ತಕಗಳನ್ನು ಊರ ಮಕ್ಕಳಿಗೆ ದಾನ ಕೊಡುತ್ತದೆ. ನನ್ನ ಟ್ರಂಕಿನಲ್ಲಿದ್ದಾಗ ಕಸ, ಅವರ ಬೀರುವಿನಲ್ಲಿ ವಿದ್ಯೆ. ಅವರೆಕಾಯಿಯ ಮೊರವನ್ನು ಎತ್ತಿ ಅಂಗಳಕ್ಕೆ ಎಸೆದೆ. ಅವ್ವ ಎದ್ದು ಹೋಗಿ ಒಂದೊಂದೇ ಕಾಯಿ ಆರಿಸಿದಳು. ಅದು ಇನ್ನೂ ಸಿಟ್ಟು ತರಿಸಿತು.

ಗದ್ದೆಯಿಂದ ಬಂದ ಅಪ್ಪನನ್ನೂ ಕೇಳಿದೆ. ವ್ಯಾನು ಬಂದಾಗ ತಾನು ನಾಲೆಯ ಕಡೆ ಇದ್ದೆ ಎಂದ. ಇದ್ದಿದ್ದರೆ ತಡೆಯುತ್ತಿದ್ದೆಯಾ ಎಂದೆ. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಓಗ್ಲಿ ಬುಡು ಮಗ. ಇನ್ನೊಂದಷ್ಟು ಒಲ್ಕೊಂಡ್ರಾಯ್ತು."

ಆ 'ಓಗ್ಲಿ ಬುಡು' ನನಗೆ ಚಿಕ್ಕಪ್ಪ ಮಾಡಿದ್ದಕ್ಕಿಂತ ಆಳಕ್ಕೆ ಇಳಿಯಿತು. ಏನನ್ನು ಹೊಲಿದುಕೊಳ್ಳುವುದು? ಆ ವಾರಪತ್ರಿಕೆ ಅಷ್ಟರಲ್ಲಿ ನಿಂತೇ ಹೋಗಿತ್ತು. ಅದು ಅಪ್ಪನಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಓದಿದವರ ಎದುರು ಏನೇ ಕಳೆದುಕೊಂಡರೂ ಓಗ್ಲಿ ಬುಡು. ತಾನು ಶಾಲೆ ಬಿಟ್ಟಾಗಲೂ ಅಪ್ಪ ಅದನ್ನೇ ಹೇಳಿಕೊಂಡಿರಬೇಕು.

ಮಾರನೆಯ ದಿನವೇ ಹುಣಸೂರಿಗೆ ಹೋದೆ. ಚಿಕ್ಕಪ್ಪನ ಮನೆಗೆ ಹೋಗಲಿಲ್ಲ, ನೇರ ಓದುವ ಮನೆಗೆ. ಲಕ್ಷ್ಮಣತೀರ್ಥದ ಸೇತುವೆಯಿಂದ ಸ್ವಲ್ಪ ಒಳಗೆ, ಹೊಸ ಸುಣ್ಣದ ವಾಸನೆಯ ಒಂದೇ ಕೋಣೆ. ಉದ್ಘಾಟನೆಯ ಬಾಳೆಕಂದು ಇನ್ನೂ ಬಾಗಿಲಲ್ಲಿ ಬಾಡುತ್ತಿತ್ತು. ಉದ್ದ ಮೇಜಿನ ಮುಂದೆ ಇಬ್ಬರು ಮುದುಕರು ದಿನಪತ್ರಿಕೆ ಓದುತ್ತಿದ್ದರು. ಮಕ್ಕಳು ಯಾರೂ ಇರಲಿಲ್ಲ. ಗೋಡೆಯ ಬಳಿ ಗಾಜಿನ ಬೀರು, ಅದರೊಳಗೆ ನನ್ನ ನೀಲಿ ಲಂಗದ ಬೆನ್ನುಗಳು ಸಾಲಾಗಿ. ಬೀರುವಿನ ಮೇಲೆ ಬಣ್ಣದಲ್ಲಿ ಬರೆಸಿದ ಅಕ್ಷರ: 'ಕೊಡುಗೆ' ಎಂದು, ಅದರ ಕೆಳಗೆ ಚಿಕ್ಕಪ್ಪನ ಹೆಸರು, ಪದವಿಯ ಸಮೇತ.

ಹಿಡಿಕೆಗೆ ಬೀಗ.

ಅಲ್ಲಿ ನೋಡಿಕೊಳ್ಳಲು ಒಬ್ಬರು ಹಿರಿಯರಿದ್ದರು. ಮೊದಲು ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಕಾವಲಿದ್ದವರಂತೆ. ತೆಗೆದುಕೊಡಿ ಎಂದೆ.

"ಅದ್ನ ತೆಗ್ಯಂಗಿಲ್ಲ ಕಣಮ್ಮ. ಮಕ್ಳು ಕೈಯಿಕ್ಕಿದ್ರೆ ಅರ್ದಾಕ್ತವೆ ಅಂತ ಮೇಷ್ಟ್ರು ಬೀಗ ಆಕವ್ರೆ. ಕೀಲಿ ಅವ್ರತ್ರನೇ ಐತೆ."

"ಮತ್ತೆ ಮಕ್ಕಳು ಓದೋದು ಹೆಂಗೆ?"

ಅವರು ಬೀರುವಿನ ಗಾಜು ತೋರಿಸಿ, "ನೋಡ್ತವೆ," ಎಂದರು.

ಅಲ್ಲಿಂದ ಚಿಕ್ಕಪ್ಪನ ಮನೆಗೆ. ಅವರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚಿಕ್ಕಮ್ಮ ಉಪ್ಪಿಟ್ಟಿನ ತಟ್ಟೆ ತಂದಿಟ್ಟರು. ನಾನು ಮುಟ್ಟಲಿಲ್ಲ.

"ಅವು ನನ್ನ ಪುಸ್ತಕ ಚಿಕ್ಕಪ್ಪ. ವಾಪಸ್ ಕೊಡಿ."

"ನಿನ್ನವು ಅಂದ್ರೆ? ಮನೇದು ಅಲ್ವಾ? ನೋಡಮ್ಮ, ಮನೇಲಿಟ್ಟು ಗೆದ್ದಲು ತಿನ್ನೋದಕ್ಕಿಂತ ನಾಕು ಜನಕ್ಕೆ ಉಪಯೋಗ ಆಗ್ಲಿ. ನೀನೂ ಟೀಚರ್ ಆಗೋಳು, ಇಷ್ಟೂ ತಿಳಿಯಲ್ವಾ?"

"ಯಾರು ಓದ್ತಿದಾರೆ? ಬೀಗ ಹಾಕಿದೀರಿ."

"ಎಲ್ಲದಕ್ಕೂ ಒಂದು ಶಿಸ್ತು ಬೇಕು."

"ನಿಮ್ಮ ಹೆಸರು ಬರೆಸಿದೀರಿ."

ಅದಕ್ಕೆ ಅವರು ನಕ್ಕರು. "ಮನೆಗೆ ದೊಡ್ಡೋರ ಹೆಸರು ಹಾಕ್ತಾರೆ ಕಣಮ್ಮ. ಮಕ್ಕಳ ಹೆಸರು ಹಾಕ್ತಾರಾ?" ಎಂದು, ಒಳಗೆ ಮಲಗಲು ಹೋದರು. ಚಿಕ್ಕಮ್ಮ ನನ್ನ ಹೆಗಲು ಹಿಡಿದು, ಒಂದು ತುತ್ತಾದರೂ ತಿನ್ನು, ಬರಿಹೊಟ್ಟೆಯಲ್ಲಿ ಸಿಟ್ಟು ಮಾಡಬಾರದು ಎಂದರು. ನಾನು ಬರಿಹೊಟ್ಟೆಯಲ್ಲೇ ಬಸ್ಸು ಹತ್ತಿದೆ.

ಆಮೇಲೆ ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ, ಏಕೆಂದರೆ ನಾನು ಏನೂ ಮಾಡಲಿಲ್ಲ. ಕೆಲಸ ಸಿಕ್ಕಿತು. ಮೊದಲು ಎಚ್.ಡಿ. ಕೋಟೆಯ ಕಾಡಂಚಿನ ಒಂದು ಶಾಲೆ, ಆಮೇಲೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಂಪಲಾಪುರದ ಹತ್ತಿರ. ಎಲ್ಲಿಗೆ ಹೋಗಬೇಕಾದರೂ ಹುಣಸೂರಿನಲ್ಲಿ ಬಸ್ಸು ಬದಲಿಸಬೇಕು. ಬಸ್ಸಿಗೆ ಹೊತ್ತಿದ್ದರೆ ಓದುವ ಮನೆಗೆ ಹೋಗಿ ಬೀರುವಿನ ಮುಂದೆ ನಿಂತು ಬರುತ್ತಿದ್ದೆ. ನೀಲಿ ಬಟ್ಟೆ ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಸಂಪುಟಗಳು ಇಟ್ಟ ಜಾಗದಿಂದ ಒಂದು ಬೆರಳೂ ಅಲ್ಲಾಡಿರಲಿಲ್ಲ. ಒಮ್ಮೆ ಒಂದು ಬೆನ್ನಿನ ಕೆಳಗೆ ಕಾಗದ ತಿನ್ನುವ ಸಣ್ಣ ಬೆಳ್ಳಿಹುಳ ಓಡಿದ್ದು ಕಂಡಿತು. ಗಾಜು ಬಡಿದೆ. ಹಿರಿಯರು, "ಮೇಷ್ಟ್ರಿಗೆ ಏಳ್ತೀನಿ ಬುಡಮ್ಮ," ಎಂದರು. ನಾನೂ ಚಿಕ್ಕಪ್ಪನಿಗೆ ಹೇಳಿದೆ. ನುಸಿಗುಳಿಗೆ ಹಾಕಿಸುತ್ತೇನೆ ಎಂದರು. ಹಾಕಿಸಬೇಕಾದರೆ ಬಾಗಿಲು ತೆಗೆಯಬೇಕಲ್ಲ, ತೆಗೆಯಲಿಲ್ಲ.

ಈ ನಡುವೆ ನಾನು ಮತ್ತೆ ಕೂಡಿಡಲು ಶುರು ಮಾಡಿದ್ದೆ. ಸಂಬಳ ಬಂದ ಮೇಲೆ ಮೈಸೂರಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಮಂಡಿಯೂರಿ ಹುಡುಕುವುದು. ಇಂಗ್ಲಿಷಿನ ದಪ್ಪ ದಪ್ಪ ಸಂಪುಟಗಳೂ ಆಗ ಅಲ್ಲಿಗೆ ಬರುತ್ತಿದ್ದವು. ನುಣುಪು ಕಾಗದ, ಗಟ್ಟಿ ಹೊಲಿಗೆ, ಬಣ್ಣ ಒಂದು ಕೂದಲೂ ಆಚೀಚೆ ಜಾರಿಲ್ಲ. ದೂರದ ದೇಶಗಳಲ್ಲಿ ವಾರವಾರದ ಚಿತ್ರಕಥೆಗಳನ್ನು ಹೀಗೆ ಒಟ್ಟು ಮಾಡಿ ಗೌರವದಿಂದ ಮುದ್ರಿಸುತ್ತಾರೆ, ಬರೆದವರ ಹೆಸರನ್ನು ದೊಡ್ಡದಾಗಿ ಹಾಕುತ್ತಾರೆ, ದೊಡ್ಡವರೂ ಅದನ್ನು ಮುಚ್ಚುಮರೆ ಇಲ್ಲದೆ ಓದುತ್ತಾರೆ ಎಂದು ನನಗೆ ಗೊತ್ತಾದದ್ದು ಹಾಗೆ. ಸಂತೋಷವಾಗಬೇಕಿತ್ತು. ಸಿಟ್ಟೇ ಬಂತು. ನಮ್ಮ ದೋಣಿಯವಳನ್ನು ಬರೆದ ಇಬ್ಬರು ಚಿತ್ರಕಾರರ ಹೆಸರನ್ನು ಪತ್ರಿಕೆಯವರು ಒಂದು ಸಲವೂ ಅಚ್ಚು ಹಾಕಿರಲಿಲ್ಲ. ಯಾರೂ ಅದನ್ನು ಪುಸ್ತಕ ಮಾಡಲಿಲ್ಲ. ಅದರ ಒಂದೇ ಒಂದು ಸಂಪುಟ ನನಗೆ ಗೊತ್ತಿದ್ದ ಲೋಕದಲ್ಲಿ ಇದ್ದದ್ದು ಹುಣಸೂರಿನ ಒಂದು ಬೀಗದ ಹಿಂದೆ.

ಇದು ಎರಡು ಸಾವಿರದ ಇಸವಿಯ ನಂತರದ ಮಾತು. ನಮ್ಮ ಶಾಲೆಯ ಐದನೇ ಕ್ಲಾಸಿನ ಮಕ್ಕಳನ್ನು ಹೊರಸಂಚಾರಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮೈಸೂರು ದೂರವಾಯಿತೆಂದು ಹುಣಸೂರೇ ಸಾಕು ಎಂದಾಯಿತು. ಅಂಚೆ ಕಚೇರಿ ನೋಡಿದೆವು, ಸೇತುವೆ ನೋಡಿದೆವು. ಆಮೇಲೆ ಓದುವ ಮನೆ. ನಾನು ಯೋಚಿಸಿಯೇ ಕರೆದುಕೊಂಡು ಹೋದೆ. ಮಕ್ಕಳಿಗೆ ತೋರಿಸಲು ಅಂತ ಸುಳ್ಳು ಹೇಳುವುದಿಲ್ಲ, ಚಿಕ್ಕಪ್ಪ ಮಕ್ಕಳ ಎದುರು ಇಲ್ಲ ಎನ್ನುವುದನ್ನು ನೋಡಬೇಕಿತ್ತು.

ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತರು. "ಮಿಸ್, ಇದ್ರೊಳಗೆ ಏನೈತೆ?" ಎಂದು ಒಬ್ಬಳು ಕೇಳಿದಳು. ಚಿತ್ರಕಥೆ ಎಂದೆ. ತೆಗೆಸಿ ಮಿಸ್ ಎಂದರು. ನಾನು ಹಿರಿಯರ ಕಡೆ ನೋಡಿದೆ. ಅವರು ಚಿಕ್ಕಪ್ಪನನ್ನು ಕರೆತರಲು ಹೋದರು. ಚಿಕ್ಕಪ್ಪ ಅಷ್ಟರಲ್ಲಿ ನಿವೃತ್ತರಾಗಿದ್ದರು, ಮನೆ ಎರಡು ರಸ್ತೆ ಆಚೆ. ಬಿಳಿ ಷರಟು ಹಾಕಿಕೊಂಡು ಬಂದರು. ಮಕ್ಕಳನ್ನು ಕಂಡು ಮುಖ ಅರಳಿತು. ಚೆನ್ನಾಗಿ ಓದಬೇಕು, ತಂದೆತಾಯಿಗೆ ಒಳ್ಳೆಯ ಹೆಸರು ತರಬೇಕು ಎಂದು ಸ್ವಲ್ಪ ಹೊತ್ತು ಮಾತಾಡಿದರು.

"ಬೀರು ತೆಗೀರಿ ಚಿಕ್ಕಪ್ಪ," ಎಂದೆ.

ಜೇಬಿನಿಂದ ಗೊಂಚಲು ತೆಗೆದರು. ಒಂದೊಂದೇ ಕೀಲಿ ಹಾಕಿ ನೋಡಿದರು. ಬೀಗ ತುಕ್ಕು ಹಿಡಿದಿತ್ತು, ಕೀಲಿ ಒಳಗೇ ಹೋಗುತ್ತಿರಲಿಲ್ಲ. ಗೊಂಚಲು ಮುಗಿಯಿತು.

"ಎಲ್ಲೋ ಬೇರೆ ಕಡೆ ಇಟ್ಟಿದೀನಿ. ಹುಡುಕ್ಸಿಡ್ತೀನಿ, ಇನ್ನೊಂದಿನ ಕರ್ಕೊಂಡ್ಬಾ."

ಹಿರಿಯರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಆ ಕೀಲಿ ಕಳ್ದೋಗಿ ಕಾಲ ಆಯ್ತು ಟೀಚರಮ್ಮ. ಓಪನಿಂಗ್ ಆದ್ಮೇಲೆ ಒಂದ್ ದಪನೂ ತೆಗ್ದಿಲ್ಲ."

ಅಲ್ಲಿಯವರೆಗೂ, ಅಲ್ಲಾಡದ ಸಾಲನ್ನು ಕಣ್ಣಾರೆ ಕಂಡೂ ನಾನು ಅಂದುಕೊಂಡಿದ್ದೆ, ನಾನಿಲ್ಲದಾಗ ಯಾರಾದರೂ ತೆಗೆದಿರಬಹುದು, ಯಾವುದೋ ಒಂದು ಮಗುವಿಗಾದರೂ ಮೇಷ್ಟ್ರು ಕೊಟ್ಟಿರಬಹುದು ಎಂದು. ನನ್ನಿಂದ ಕಿತ್ತುಕೊಂಡದ್ದನ್ನು ಅವರು ಬೇರೆಯವರಿಗೂ ಕೊಟ್ಟಿರಲಿಲ್ಲ. ಕಿತ್ತುಕೊಂಡದ್ದಷ್ಟೇ. ಬಾಗಿಲಿಗೆ ಒತ್ತು ಕೊಟ್ಟಿದ್ದ ಗುಂಡುಕಲ್ಲು ಅಲ್ಲೇ ಇತ್ತು. ಎತ್ತಿಕೊಂಡು ಬಂದು ಬೀಗಕ್ಕೆ ಹೊಡೆದೆ. ಬೀಗ ಒಡೆಯಲಿಲ್ಲ, ಚಿಲಕವೇ ಗೆದ್ದಲು ತಿಂದ ಮರದಿಂದ ಮೊಳೆಸಮೇತ ಕಿತ್ತು ಬಂತು.

"ಏನಮ್ಮ ಇದು, ಸಂಘದ ಆಸ್ತಿ," ಎಂದರು ಚಿಕ್ಕಪ್ಪ. ಮಕ್ಕಳು ಗೋಡೆಗೆ ಸರಿದು ನಿಂತಿದ್ದರು.

ಮುಂದಿನಿಂದ ಕಾಣುವ ಬೆನ್ನುಗಳು ಮಾತ್ರ ಚೆನ್ನಾಗಿದ್ದವು. ಹಿಂಬದಿಯ ಹಲಗೆಯಿಂದ ಗೆದ್ದಲು ನುಗ್ಗಿ ಪುಸ್ತಕಗಳ ಹೊಟ್ಟೆಯನ್ನು ತಿಂದಿತ್ತು. ಕೈಗೆ ತೆಗೆದುಕೊಂಡರೆ ಬೆನ್ನು ಮಾತ್ರ ಬರುತ್ತಿತ್ತು, ಉಳಿದದ್ದು ಮಣ್ಣಾಗಿ ಸುರಿಯುತ್ತಿತ್ತು. ಮೇಲಿನ ಸಾಲಿನ ಕೆಲವು ಮಾತ್ರ ಉಳಿದಿದ್ದವು. ಅವುಗಳಲ್ಲಿ ದೋಣಿಯವಳೂ ಇದ್ದಳು. ನೆಲದ ಮೇಲೆ ಕೂತು ಪುಟ ತಿರುಗಿಸಿದೆ. ಮೊದಲ ಪುಟದಲ್ಲಿ, ಕೊನೆಯ ಪುಟದಲ್ಲಿ, ನಡುವೆ ಅಲ್ಲಲ್ಲಿ ಸಂಘದ ನೇರಳೆ ಮೊಹರು. ಒಂದು ಕಡೆ ಅದನ್ನು ದೋಣಿಯವಳ ಮುಖದ ಮೇಲೆಯೇ ಒತ್ತಿದ್ದರು. ನಾನು ಬರೆದ ಪುಟಗಳು ಎಲ್ಲಿರಬೇಕೋ ಅಲ್ಲಿಗೆ ಬಂದೆ. ಪುಟಗಳಿರಲಿಲ್ಲ. ಹೊಲಿಗೆಯ ಬುಡದಲ್ಲಿ ಡ್ರಾಯಿಂಗ್ ಹಾಳೆಯ ಎರಡು ಬಿಳಿ ಪಟ್ಟಿಗಳು, ಬ್ಲೇಡಿನಲ್ಲಿ ನೇರವಾಗಿ ಕೊಯ್ದದ್ದು.

"ಇದನ್ನ ಯಾರು ಕತ್ತರಿಸಿದ್ದು?"

ಚಿಕ್ಕಪ್ಪ ಬಗ್ಗಿ ನೋಡಿದರು. ನೆನಪಿತ್ತು ಅವರಿಗೆ. "ಅದು ಪುಸ್ತಕದ್ದಲ್ಲ ಕಣಮ್ಮ. ನೀನೇ ಏನೋ ಗೀಚಿ ಸೇರಿಸಿದ್ದೆ. ದೊಡ್ಡೋರು ಬಂದು ನೋಡುವಾಗ ಚೆನ್ನಾಗಿರಲ್ಲ ಅಂತ ತೆಗೆಸ್ದೆ."

"ಎಲ್ಲಿವೆ ಅವು?"

"ಅದನ್ನೆಲ್ಲ ಯಾರು ಇಟ್ಕೋತಾರೆ?"

ಉಳಿದ ಸಂಪುಟಗಳನ್ನು ಒಂದೊಂದಾಗಿ ಮಕ್ಕಳ ಕೈಗೆ ಕೊಟ್ಟೆ. ಇವನ್ನು ಹಿಡಿದುಕೊಳ್ಳಿ, ಶಾಲೆಗೆ ತೆಗೆದುಕೊಂಡು ಹೋಗೋಣ ಎಂದೆ. ಚಿಕ್ಕಪ್ಪ ಬಾಗಿಲಲ್ಲಿ ಅಡ್ಡ ನಿಂತರು.

"ದಾನ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಹಾಗಿಲ್ಲ. ಧರ್ಮ ಅಲ್ಲ ಅದು."

"ಕೊಟ್ಟೋರು ಯಾರು ಚಿಕ್ಕಪ್ಪ? ನಾನು ಕೊಟ್ಟಿಲ್ಲ."

"ಇಷ್ಟು ಜನ ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೀತಿದೀಯ."

"ಹೌದು," ಎಂದೆ.

ಅವರು ಇನ್ನೂ ಏನೋ ಹೇಳುವವರಿದ್ದರು. ಹಿರಿಯರು ಬಂದು ಅವರ ಮೊಳಕೈ ಹಿಡಿದು, "ಬನ್ನಿ ಮೇಷ್ಟ್ರೆ, ಕುತ್ಕಳಿ," ಎಂದು ಪಕ್ಕಕ್ಕೆ ಕರೆದುಕೊಂಡರು. ನಾವು ಹೊರಟೆವು. ಬಸ್ಸಿನಲ್ಲಿ ಮಕ್ಕಳು ಸಂಪುಟಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಯಾರೂ ಪುಟ ತೆಗೆಯಲಿಲ್ಲ, ನನಗೆ ಹೆದರಿ. ಕಂಪಲಾಪುರ ಬರುವ ಹೊತ್ತಿಗೆ ನಾನೇ ಒಬ್ಬಳ ಮಡಿಲಿನ ಸಂಪುಟವನ್ನು ತೆರೆದೆ. ಓದಿ ಎಂದೆ.

ಅವುಗಳನ್ನು ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ, ಬೀರುವಿನಲ್ಲಿ ಇಡಲಿಲ್ಲ. ಮಕ್ಕಳು ಎರಡು ವರ್ಷದಲ್ಲಿ ಅವನ್ನು ಚಿಂದಿ ಮಾಡಿದರು. ಊಟದ ಸಾರಿನ ಕಲೆ, ಮಡಚಿದ ಮೂಲೆಗಳು, ಕಳ್ಳಸಾಗಣೆಯವನಿಗೆ ಯಾರೋ ಬರೆದ ಮೀಸೆ. ಹರಿದಾಗಲೆಲ್ಲ ಅಂಟಿಸಿದೆ, ಬೈಯಲಿಲ್ಲ. ದೋಣಿಯವಳ ಕಥೆ ಓದಿದವರೆಲ್ಲ ಕೊಯ್ದ ಜಾಗಕ್ಕೆ ಬಂದು ನಿಲ್ಲುತ್ತಿದ್ದರು. "ಮಿಸ್, ಇಲ್ಲೇನಾಯ್ತು?" ಎಂದು ಕೇಳುತ್ತಿದ್ದರು. ಹೇಳಲು ಹೋದರೆ ನನಗೇ ಸರಿಯಾಗಿ ನೆನಪಿರಲಿಲ್ಲ. ಅವಳು ನೀರಿಗೆ ಇಳಿದಿದ್ದಳು ಎಂಬುದು ಗೊತ್ತು. ಏಕೆ ಇಳಿದಳು, ಯಾರನ್ನು ಎತ್ತಿದಳು ಎಂಬುದು ಹೋಗಿಬಿಟ್ಟಿತ್ತು. ಆ ಸಹಪಾಠಿ ಎಲ್ಲಿದ್ದಾಳೋ ತಿಳಿಯದು. ಮತ್ತೆ ಬರೆಯಲು ಒಂದೆರಡು ಸಲ ಕೂತೆ. ಈಗ ನನಗೆ ಕೈಬೆರಳು ಬರೆಯಲು ಬರುತ್ತದೆ. ಬರೆದದ್ದು ಆ ಪುಟಗಳಲ್ಲ. ಹರಿದು ಹಾಕಿದೆ.

ಮನೆಯಲ್ಲಿ ದೊಡ್ಡ ರಾದ್ಧಾಂತ ಆಯಿತು. ದೊಡ್ಡವರ ಕಾಲು ಹಿಡಿದು ತಪ್ಪಾಯಿತು ಅನ್ನು ಎಂದು ಅವ್ವ ಅತ್ತಳು. ನಾನು ಹಿಡಿಯಲಿಲ್ಲ. ಅಪ್ಪ ಒಂದು ದಿನ ಶಾಲೆಗೆ ಬಂದು, ಕಿಟಕಿಯ ಬಳಿ ಕೂತು ದೋಣಿಯವಳ ಸಂಪುಟವನ್ನು ಮೊದಲಿಂದ ಕೊನೆಯವರೆಗೆ ನೋಡಿ, ಎದ್ದು ಹೋದ. ನನಗೆ ಅವನು ಒಂದು ಮಾತು ಹೇಳಬೇಕಿತ್ತು. ತಮ್ಮನಿಗೂ ಒಂದು ಮಾತು ಹೇಳಬೇಕಿತ್ತು. ಎರಡನ್ನೂ ಹೇಳದೆ ಎರಡು ವರ್ಷದ ಮೇಲೆ ತೀರಿಕೊಂಡ. ಅಪ್ಪನ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಸಿಟ್ಟೂ ಕಡಿಮೆಯಾಗಿಲ್ಲ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುವವರು ನನ್ನ ಬಳಿ ಬರುವುದು ಬೇಡ.

ಅಪ್ಪ ಹೋದ ಮರುವರ್ಷ ಕೆ.ಆರ್. ನಗರದ ಛತ್ರವೊಂದರಲ್ಲಿ ಚಿಕ್ಕಪ್ಪನ ಮಗಳ ಮದುವೆ. ಅವಳು ನನಗೆ ಬೇಕಾದವಳು, ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಬೀಗರನ್ನು ಕರೆದುಕೊಂಡು ಎಲ್ಲರನ್ನೂ ವಿಚಾರಿಸುತ್ತ ನನ್ನ ಎಲೆಯ ಮುಂದೆ ನಿಂತರು. ನಗುತ್ತಿದ್ದರು.

"ಇವಳು ನಮ್ಮಣ್ಣನ ಮಗಳು, ಟೀಚರ್. ಬಲೇ ಹಟದೋಳು. ಒಂದ್ಸಲ ನಮ್ಮ ಸಂಘದ ಬೀರುವಿನ ಬೀಗನೇ ಕಿತ್ಲು, ಬೊಂಬೆ ಪುಸ್ತಕಕ್ಕೆ. ನಾನು, ಹೋಗ್ಲಿ, ಮಗು ಆಸೆಪಡ್ತಿದೆ, ತಗೊಂಡು ಹೋಗ್ಲಿ ಅಂತ ಬಿಟ್ಟೆ."

ಬೀಗರು ನಕ್ಕರು. ಪಕ್ಕದ ಎಲೆಯವರೂ ನಕ್ಕರು. ನಾನು ಕಲಸುತ್ತಿದ್ದ ಅನ್ನವನ್ನು ಬಿಟ್ಟು ತಲೆ ಎತ್ತಿದೆ.

"ನೀವು ಬಿಡಲಿಲ್ಲ ಚಿಕ್ಕಪ್ಪ. ಬಾಗಿಲಲ್ಲಿ ಅಡ್ಡ ನಿಂತಿದ್ರಿ. ನಾನು ತಗೊಂಡೋದೆ."

ಬೀಗರು ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಬಡಿಸುವವನನ್ನು ಕರೆದು ನನ್ನ ಎಲೆಗೆ ಪಾಯಸ ಹಾಕಲು ಹೇಳಿದರು. ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅವರು ಮುಂದಿನ ಎಲೆಗೆ ಹೋದರು.